ಆರೋಗ್ಯಕ್ಕಾಗಿ ಒಂದು ಮೈಲ್ಡ್

ಮಹಾರಾಷ್ಟ್ರದಲ್ಲಿ ಬಿಯರ್ ಕುಡಿಯಬೇಕೆನ್ನುವವನು ಕಾನೂನಿನ ಕಣ್ಣಿಗೆ ಮೊದಲು ರೋಗಿಯಾಗಬೇಕು. 1949ರ ಪಾನನಿಷೇಧ ಕಾಯ್ದೆ ಇಲ್ಲಿ ಇನ್ನೂ ಉಸಿರಾಡುತ್ತಿರುವುದರಿಂದ ಕುಡಿಯುವುದಕ್ಕೆ ಪರವಾನಗಿ ಬೇಕು. ಒಂದು ದಿನಕ್ಕೆ 5 ರೂಪಾಯಿ, ವರ್ಷಕ್ಕೆ 100, ಜೀವಮಾನಕ್ಕೆ 1000. ಯಾಕಪ್ಪಾ ಕುಡಿಯುತ್ತೀ ಎಂಬ ಪ್ರಶ್ನೆಗೆ ಉತ್ತರವನ್ನೂ ಅರ್ಜಿಯೇ ಒದಗಿಸುತ್ತದೆ: ಆರೋಗ್ಯ ಕಾಪಾಡಿಕೊಳ್ಳುವುದಕ್ಕಾಗಿ. ಹೀಗೆ ಆರೋಗ್ಯಕ್ಕಾಗಿ ಕೊಂಡ ಬಾಟಲಿಯ ಮೇಲೆ ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂದು ಇನ್ನೊಂದು ಸರ್ಕಾರಿ ಸಂಸ್ಥೆ ಬರೆಸಿದೆ. ಈ ಎರಡು ಕಚೇರಿಗಳವರು ಎಂದಾದರೂ ಎದುರುಬದುರು ಕುಳಿತು ಮಾತನಾಡಿದ ಹಾಗೆ ಕಾಣುವುದಿಲ್ಲ. ಕುಳಿತಿದ್ದರೆ ಬಾರಿನಲ್ಲಿಯೇ ಕುಳಿತಿರಬೇಕು, ಮಾತು ಮುಗಿಯುವ ಮೊದಲೇ ಎದ್ದಿರಬೇಕು.

ರೋಗಿಗೆ ಸಿಗುವ ಔಷಧಿ ‘ವಿದೇಶಿ ಮದ್ಯ’. ಕಾಯ್ದೆಯ ಭಾಷೆಯಲ್ಲಿ ಬಿಯರ್ ಆ ಗುಂಪಿಗೆ ಸೇರುತ್ತದೆ. ತಳೋಜಾದ ಕಾರ್ಖಾನೆಯಲ್ಲಿ ಕುದ್ದು, ಪನ್ವೇಲ್ ಹೆದ್ದಾರಿಯಲ್ಲಿ ಲಾರಿಯೊಳಗೆ ಬೆವರಿ, ವಾಶಿ ಸೇತುವೆ ದಾಟಿ ಚೆಂಬೂರಿಗೆ ಬಂದ ಬಾಟಲಿಯೂ ವಿದೇಶಿಯೇ. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಜ್ಜನ ಕಾಲದಲ್ಲಿ ಹಡಗು ಹತ್ತಿ ಬಂದು, ಇಲ್ಲೇ ಹೋಟೆಲು ಕಟ್ಟಿ, ಇಲ್ಲೇ ಮೂರು ತಲೆಮಾರು ಹಡೆದ ಕರಾವಳಿಯವರು ಇಂದಿಗೂ ಚುನಾವಣೆ ಬಂದಾಗ ಪರಪ್ರಾಂತೀಯರಾಗುತ್ತೇವೆ. ತಳೋಜಾದ ಬಿಯರಿಗೆ ಒಂದು ಮೆಟ್ಟಿಲು ಬಡ್ತಿ ಸಿಕ್ಕಿದೆ, ಅಷ್ಟೆ.

ಅಂಧೇರಿ ಪೂರ್ವದಲ್ಲಿ ಶೆಟ್ಟರೊಬ್ಬರ ಪರ್ಮಿಟ್ ರೂಮ್, ಅಂದರೆ ಪರವಾನಗಿದಾರರಿಗಾಗಿ ಇರುವ ಬಾರ್, ಇದೆ. ದಿನದ ದಾಸ್ತಾನು ಬರೆಯುವ ಅಬಕಾರಿ ವಹಿಯನ್ನು ಅವರು ದೇವರ ಪಟದ ಕೆಳಗೇ ಇಟ್ಟುಕೊಂಡಿದ್ದಾರೆ, ಭಯಭಕ್ತಿ ಎರಡಕ್ಕೂ ಅನುಕೂಲವಾಗುವಂತೆ. ಅದರಲ್ಲಿ ಸ್ಪಿರಿಟ್, ವೈನ್, ಫರ್ಮೆಂಟೆಡ್ ಬಿಯರ್, ಮೈಲ್ಡ್ ಬಿಯರ್ ಎಂಬ ಖಾನೆಗಳಿವೆ. ಹುದುಗಿದ್ದು ಒಂದು ಕಡೆ, ಸೌಮ್ಯವಾದದ್ದು ಇನ್ನೊಂದು ಕಡೆ. ಹಾಗಾದರೆ ಸೌಮ್ಯವಾದದ್ದು ಹುದುಗಿಲ್ಲವೇ?

“ಹುದುಗದಿದ್ದರೆ ಅದು ಬಾರ್ಲಿ ಗಂಜಿ ಮಾರಾಯರೇ” ಎನ್ನುತ್ತಾರೆ ಶೆಟ್ಟರು. “ಗಂಜಿ ಕುಡಿದವನು ಯಾವತ್ತಾದರೂ ಬಿಲ್ಲಿನ ಮೇಲೆ ಜಗಳ ತೆಗೆದದ್ದುಂಟೇ?” ಹೀಗೆ ಹೇಳುತ್ತಲೇ ಎರಡು ಖಾನೆಗಳಲ್ಲೂ ಅಂಕಿ ಬರೆಯುತ್ತಾರೆ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಉಬ್ಬದಿದ್ದರೆ ಇಡ್ಲಿಯ ಗತಿ ಏನೆಂದು ಬಲ್ಲ ಮನೆತನದವರು, ಹುದುಗುವಿಕೆಯ ವಿಷಯದಲ್ಲಿ ಸರ್ಕಾರದೊಂದಿಗೆ ವಾದಕ್ಕಿಳಿಯುವುದಿಲ್ಲ. ವಹಿ ಸರಿಯಿದ್ದರೆ ಸಾಕು.

ವಹಿಯ ಫರ್ಮೆಂಟೆಡ್ ಎಂದರೆ ಗಿರಾಕಿಯ ಬಾಯಲ್ಲಿ ಸ್ಟ್ರಾಂಗ್. ಮೈಲ್ಡ್ ಮತ್ತು ಸ್ಟ್ರಾಂಗ್ ನಡುವಿನ ಬೇಲಿ ಶೇಕಡಾ 5 ಮದ್ಯಾಂಶದಲ್ಲಿದೆ. 2018ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಐದರ ತನಕ ಸಾಧು, ಐದು ದಾಟಿ ಎಂಟರ ತನಕ ಉಗ್ರ. ಉಗ್ರನ ಬಾಟಲಿಯ ಮೇಲೆ ಮದ್ಯಾಂಶ ಎಂಟನ್ನು ಮೀರುವುದಿಲ್ಲ ಎಂದು ಬರೆಯುವ ಪದ್ಧತಿ ಬೆಳೆದುಬಂತು. ಐದೂ ಕಾಲು ಇರಬಹುದು, ಏಳೂ ಮುಕ್ಕಾಲು ಇರಬಹುದು. ಅಳತೆ ಹೇಳದೆ ಆಣೆ ಮಾತ್ರ ಇಟ್ಟ ಹಾಗೆ. ಈ ಅನಿಶ್ಚಿತತೆಯೇ ನಮ್ಮವರಿಗೆ ಪ್ರಿಯವೆಂದು ತೋರುತ್ತದೆ, ದೇಶದಲ್ಲಿ ಖರ್ಚಾಗುವ ಬಿಯರಿನಲ್ಲಿ ಬಹುಪಾಲು ಸ್ಟ್ರಾಂಗೇ. ವಯಸ್ಸಿನ ಲೆಕ್ಕವೂ ಇದಕ್ಕೆ ಸರಿಸಾಟಿ. ಹತ್ತೊಂಬತ್ತರ ಹುಡುಗ ಮುಂಬಯಿಯಲ್ಲಿ ಬಾಟಲಿಯ ಮುಚ್ಚಳ ಮೂಸುವಂತಿಲ್ಲ, ಇಲ್ಲಿ ಮೈಲ್ಡ್ ಬಿಯರಿಗೂ 21 ತುಂಬಬೇಕು. ಕೊಂಕಣ ರೈಲು ಹತ್ತಿ ಕುಳಿತರೆ, ಗೋವಾದಲ್ಲಿ 18 ಸಾಕಾದ್ದರಿಂದ, ಮಡಗಾಂವ್‌ನಲ್ಲಿ ಇಳಿಯುವ ಹೊತ್ತಿಗೆ ಪ್ರೌಢನಾಗಿರುತ್ತಾನೆ.

ಇದೆಲ್ಲ ಸರ್ಕಾರದ ವಿಂಗಡಣೆ. ಕಂಪನಿಗಳದು ಇನ್ನೂ ಸರಳ: ಎಲ್ಲವೂ ಪ್ರೀಮಿಯಂ. ಪ್ರೀಮಿಯಂ ಅಲ್ಲದ ಬಿಯರನ್ನು ಕಂಡವರಿದ್ದರೆ ಅವರನ್ನು ಸನ್ಮಾನಿಸಬೇಕು. ಇಂಗ್ಲೆಂಡಿನಲ್ಲಿ ‘ಆರ್ಡಿನರಿ ಬಿಟರ್’ ಎಂಬ ಬಗೆಯೇ ಇದೆ, ಮರ್ಯಾದಸ್ಥರು ಹೆಸರಿಟ್ಟು ಕೇಳಿ ಕುಡಿಯುತ್ತಾರೆ. ನಮ್ಮಲ್ಲಿ ಬಾಟಲಿಯ ಮೇಲೆ ಸಾಧಾರಣ ಎಂದು ಬರೆದರೆ ಗಿರಾಕಿಗೆ ತನ್ನ ಸಂಬಳದ ಬಗ್ಗೆ ಯಾರೋ ಟೀಕೆ ಮಾಡಿದಂತಾಗುತ್ತದೆ. ಪೀಪಾಯಿಗೆ ನಲ್ಲಿ ಹಾಕಿ ಇಳಿಸುವ ಬಿಯರಿಗೆ ಡ್ರಾಫ್ಟ್ ಎನ್ನುತ್ತಿದ್ದರು. ಈಗ ಅದು ಡಬ್ಬಿಯಲ್ಲೂ ಬರುತ್ತದೆ. ಪೀಪಾಯಿ ಎಲ್ಲಿ ಎಂದು ಕೇಳಬಾರದು.

ಇನ್ನು ವಿದ್ಯಾವಂತರ ವಿಂಗಡಣೆ. 2009ರಲ್ಲಿ ಪುಣೆಯಲ್ಲಿ ಡೂಲಾಲಿ ತೆರೆದ ಮೇಲೆ ಈ ರಾಜ್ಯಕ್ಕೆ ಮೈಕ್ರೋಬ್ರೂವರಿಗಳು, ಅಂದರೆ ತಮ್ಮ ಬಿಯರನ್ನು ತಾವೇ ತಯಾರಿಸಿ ಬಡಿಸುವ ಬಾರುಗಳು, ಬಂದವು, ಅವುಗಳೊಂದಿಗೆ ಬಿಯರುಗಳ ಪಟ್ಟಿ ಬರೆಯುವ ಕಪ್ಪು ಹಲಗೆ ಮತ್ತು ಸೀಮೆಸುಣ್ಣವೂ ಬಂದವು. ಗಿರಣಿಗಳಿದ್ದ ಲೋವರ್ ಪರೇಲಿನಲ್ಲಿ ಇಂದು ಗಡ್ಡದ ಯುವಕರು ಹಲಗೆ ನೋಡಿ ಪಾಠ ಒಪ್ಪಿಸುತ್ತಾರೆ. ಅಮೆರಿಕದಲ್ಲಿ ಬಿಯರ್ ತೀರ್ಪುಗಾರರ ಸಂಘವೊಂದು 1985ರಿಂದ ಇದೆ. ಅದರ 2021ರ ಕೈಪಿಡಿಯಲ್ಲಿ 34 ವರ್ಗಗಳು, ಒಂದೊಂದರ ಹೊಟ್ಟೆಯಲ್ಲಿ ಉಪವರ್ಗಗಳು. ಜಾತಿ, ಉಪಜಾತಿ, ಪಂಗಡ ನಮಗೆ ಹೊಸತಲ್ಲ. ಆದರೆ ಕುಡಿಯುವಾಗಲಾದರೂ ಅದರಿಂದ ಬಿಡುವು ಸಿಗುತ್ತದೆ ಎಂದುಕೊಂಡಿದ್ದೆವು.

ಹಲಗೆಯ ರಾಜ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಬೋ ಎಂಬಲ್ಲಿನ ಹಾಡ್ಜ್‌ಸನ್ ಕಾರ್ಖಾನೆಯಿಂದ, ಆಮೇಲೆ ಬರ್ಟನ್ ಪಟ್ಟಣದಿಂದ, ಈ ತಿಳಿಬಣ್ಣದ ಕಹಿ ಬಿಯರು ಆಫ್ರಿಕಾ ಸುತ್ತಿ ನಮ್ಮ ಬಂದರುಗಳಿಗೆ ಬರುತ್ತಿತ್ತು, ಇಲ್ಲಿದ್ದ ಸಾಹೇಬರ ದಾಹಕ್ಕೆ. ಸಾಹೇಬರು ಹೋದರು, ನಾವು ಲಾಗರಿಗೆ ಒಗ್ಗಿಕೊಂಡೆವು. ಇಂಡಿಯಾ ಎಂಬ ಹೆಸರಿನ ಬಿಯರು ಅಮೆರಿಕದಲ್ಲಿ ಮರುಜನ್ಮ ಪಡೆದು, ಅಲ್ಲಿಯ ಹಾಪ್ಸ್ ಎಂಬ ಕಹಿ ಹೂಗಳನ್ನು ಹಾಕಿಸಿಕೊಂಡು, ಇಂಡಿಯಾಕ್ಕೆ ಅನಿವಾಸಿಯಂತೆ ಮರಳಿತು. ಬಂದದ್ದು ಒಂದೇ ರೂಪದಲ್ಲಿ ಅಲ್ಲ. ‘ಬ್ಲ್ಯಾಕ್ ಇಂಡಿಯಾ ಪೇಲ್ ಏಲ್’ ಎಂಬುದಿದೆ, ಕಪ್ಪಾಗಿರುವ ತಿಳಿಬಣ್ಣದ ಬಿಯರು. ಕೆಂಪು ಇದೆ, ಬಿಳಿ ಇದೆ. ಏಲ್ ಬೆಚ್ಚಗೆ ಹುದುಗುವ ಯೀಸ್ಟಿನದು, ಲಾಗರ್ ತಣ್ಣಗೆ ಹುದುಗುವ ಯೀಸ್ಟಿನದು ಎಂಬ ಒಂದು ಗೆರೆಯಾದರೂ ಉಳಿದೀತು ಎಂದುಕೊಂಡಿರಾ? ಲಾಗರ್ ಯೀಸ್ಟಿನಿಂದ ಮಾಡುವ ‘ಕೋಲ್ಡ್ ಐಪಿಎ’ ಬಂದು ಅದನ್ನೂ ಅಳಿಸಿತು. ಒಟ್ಟಿನಲ್ಲಿ ಇಂಡಿಯಾದ್ದಲ್ಲದ, ಪೇಲ್ ಅಲ್ಲದ, ಏಲ್ ಕೂಡ ಆಗಬೇಕಿಲ್ಲದ ಬಿಯರಿಗೆ ಹೆಚ್ಚಿನ ದರ ಹಾಕುವ ಸೌಲಭ್ಯಕ್ಕೆ ಐಪಿಎ ಎನ್ನುತ್ತಾರೆ.

‘ಕ್ರಾಫ್ಟ್’ ಬಿಯರ್ ಎಂದರೆ ಸಣ್ಣ ಪ್ರಮಾಣದಲ್ಲಿ ಕೈಯಾರೆ ಮಾಡಿದ್ದು ಎಂಬ ಭಾವನೆಯಿದೆ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಸಣ್ಣ ಎಂಬುದರ ಮಿತಿಯನ್ನು ವರ್ಷಕ್ಕೆ 20 ಲಕ್ಷ ಬ್ಯಾರೆಲ್ ಎಂದು ಇಟ್ಟಿತ್ತು. ದೊಡ್ಡ ಸದಸ್ಯ ಕಂಪನಿಯೊಂದು ಆ ಅಂಚಿಗೆ ಬೆಳೆದು ನಿಂತಾಗ, 2011ರ ಹೊತ್ತಿಗೆ, ಮಿತಿ 60 ಲಕ್ಷಕ್ಕೆ ಏರಿತು. ನಮ್ಮ ಲೆಕ್ಕದಲ್ಲಿ ಸುಮಾರು 70 ಕೋಟಿ ಲೀಟರ್. ಮಗು ಬೆಳೆಯಿತೆಂದು ತೊಟ್ಟಿಲನ್ನೇ ಉದ್ದ ಮಾಡಿದರು.

ಶೆಟ್ಟರ ಗಿರಾಕಿಗಳು ಕೇಳುವುದು ಎರಡೇ ಪ್ರಶ್ನೆ. ತಣ್ಣಗಿದೆಯೇ, ನಂಜಿಕೊಳ್ಳಲು ಚಖನಾ ಏನಿದೆ. ಬಾಟಲಿ ತಂದ ಮಾಣಿ ಅದನ್ನು ಗಿರಾಕಿಯ ಅಂಗೈಗೆ ತಾಗಿಸುತ್ತಾನೆ, ಗಿರಾಕಿ ತಲೆಯಾಡಿಸುತ್ತಾನೆ, ಮುಚ್ಚಳ ಹಾರುತ್ತದೆ. ಕೈಪಿಡಿ ಬರೆದ ಅಮೆರಿಕದವರಿಗೆ ಈ ಪರೀಕ್ಷೆ ಗೊತ್ತಿಲ್ಲ.

ಮೊನ್ನೆ ಶೆಟ್ಟರ ಮಗ, ಎಂಬಿಎ ಮುಗಿಸಿದವನು, ಬಾರನ್ನು ನಲ್ಲಿಯಿಂದ ಬಿಯರ್ ಇಳಿಸಿಕೊಡುವ ಟ್ಯಾಪ್‌ರೂಮ್ ಮಾಡುವ ಯೋಜನೆಯೊಂದಿಗೆ ‘ಹೇಜಿ ಐಪಿಎ’ ಡಬ್ಬಿಯೊಂದನ್ನು ತಂದು, ಮೂಲೆಯ ಮೇಜಿನ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ ಸುರಿದು ಕೊಟ್ಟ. ಮಾಗಿದ ಮಾವಿನ ಬಣ್ಣ, ಆಚೆ ಬದಿ ಕಾಣದಷ್ಟು ಮಸುಕು. ಅವರು ಗ್ಲಾಸನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಹಳೆಯ ಅಭ್ಯಾಸದಂತೆ ಮುಂದಕ್ಕೆ ತಳ್ಳಿದರು.

“ಶೆಟ್ಟರೇ, ಇದು ಕೆಟ್ಟಿದೆ, ಬದಲಾಯಿಸಿ.”

“ಅಂಕಲ್, ಅದು ಇರುವುದೇ ಹಾಗೆ” ಎಂದ ಮಗ. “ಮಸುಕಾಗಿರುವುದೇ ಅದರ ಶೈಲಿ. ಮಾಮೂಲಿ ಬಾಟಲಿಯ ಮೂರು ಪಟ್ಟು ಬೆಲೆ.”

ಶೆಟ್ಟರು ಕನ್ನಡಕ ತೆಗೆದು ಗ್ಲಾಸನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಒಳಗಿನ ಮಾಣಿಯನ್ನು ಕೂಗಿದರು.

“ಹೋದ ವಾರ ಮಸುಕಾಗಿದೆಯೆಂದು ಗಿರಾಕಿಗಳು ವಾಪಸು ಕೊಟ್ಟ ಪೆಟ್ಟಿಗೆಯನ್ನು ಕಂಪನಿಯವನಿಗೆ ಕೊಟ್ಟುಬಿಟ್ಟೆಯಾ, ಇನ್ನೂ ಇದೆಯಾ?”