ಸುಸ್ತೋ, ಬೇಜಾರೋ?

ಕೊಯ್ಲಿನ ಕಾಲದಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟ ನೋಡಿದವರಿಗೆ ಇವೆರಡರ ವ್ಯತ್ಯಾಸ ನಿಘಂಟಿಲ್ಲದೆ ತಿಳಿಯುತ್ತದೆ. ಇಳಿಜಾರಿನಲ್ಲಿ ಕಾಲೂರಿ ಹಣ್ಣು ಕುಯ್ದು, ಸಂಜೆ ಮೂಟೆ ಹೊತ್ತು ತೂಕಕ್ಕೆ ತರುವವರಿಗೆ ಆಗುವುದು ಸುಸ್ತು. ಅದೇ ಹಣ್ಣನ್ನು ಕಣದಲ್ಲಿ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಇಬ್ಬನಿ ಬೀಳುವ ಮೊದಲು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುವವನಿಗೆ ಬರುವುದು ಬೇಜಾರು. ಒಳ್ಳೆಯ ಬಿಸಿಲಿದ್ದರೂ ಹಣ್ಣು ಒಣಗಲು 12ರಿಂದ 15 ದಿನ ಬೇಕು. ಕುಯ್ದವರ ಸುಸ್ತು ಉಂಡು ಮಲಗಿದರೆ ಇಳಿಯುತ್ತದೆ. ಕಣದವನ ಬೇಜಾರು ಮಲಗಿದಷ್ಟೂ ಬೆಳೆಯುತ್ತದೆ. ಮೇಲಾಗಿ, ಕೂತು ಕೂತೇ ಸಾಕಾಯ್ತು ಅಂದರೆ ಯಾವ ಮೇಸ್ತ್ರಿಯೂ ನಂಬುವುದಿಲ್ಲ.

ಎಡವಟ್ಟೆಲ್ಲ ಬೇಜಾರಿನಲ್ಲೇ, ಅದೂ ಅದರ ಬಾಲದಲ್ಲಿ. ‘ಬೇಜಾರಾಗ್ತಿದೆ’ ಅಂದರೆ ಹೊತ್ತು ಹೋಗುತ್ತಿಲ್ಲ. ‘ಬೇಜಾರಾಯ್ತು’ ಅಂದರೆ ಮನಸ್ಸು ನೊಂದಿದೆ. ‘ಬೇಜಾರು ಮಾಡ್ಕೊಂಡ್ರು’ ಅಂದರೆ ಮುಂದಿನ ಗೃಹಪ್ರವೇಶಕ್ಕೆ ಅವರು ಬರುವುದಿಲ್ಲ. ಹಾಸನದ ಹೊಸ ಅಳಿಯ ಮಲೆನಾಡಿನ ಅತ್ತೆ ಮನೆಯಿಂದ ಹೊರಡುವಾಗ ‘ಮಧ್ಯಾಹ್ನ ಸ್ವಲ್ಪ ಬೇಜಾರಾಯ್ತು’ ಅಂದನೋ, ಕೆಟ್ಟಿತು. ಅವನು ಹೇಳಿದ್ದು ನೆಟ್‌ವರ್ಕ್ ಇಲ್ಲದ್ದನ್ನು. ಅತ್ತೆಯ ತಲೆಯಲ್ಲಿ ಓಡುವುದು ಕಡುಬಿನ ಲೆಕ್ಕ: ಮೂರನೇದು ಬಡಿಸುವಾಗ ಬಲವಂತ ಮಾಡಲಿಲ್ಲವಲ್ಲ, ಅದಕ್ಕೇ ಇರಬೇಕು! ಇಂಥ ಕಡೆ ‘ಹೊತ್ತು ಹೋಗ್ಲಿಲ್ಲ ಅತ್ತೆ’ ಅನ್ನುವುದೇ ಕ್ಷೇಮ.

ಸುಸ್ತೂ ಪೂರ್ತಿ ಸಾಚಾ ಅಲ್ಲ. ‘ಬಿಲ್ ನೋಡಿ ಸುಸ್ತಾದೆ’ ಅನ್ನುವವರ ಮೈಯಲ್ಲಿ ಒಂದು ಹನಿ ಬೆವರಿರುವುದಿಲ್ಲ. ಸೊಸೈಟಿಯ ನೋಟೀಸಿನಲ್ಲಿ ‘ಸುಸ್ತಿ’ ಅಂತ ಕಂಡರೆ ಅದು ಕಟ್ಟದೆ ಉಳಿದ ಕಂತು. ಸುಸ್ತಿದಾರ ಮನೆಯಲ್ಲಿ ಆರಾಮಾಗಿರುತ್ತಾನೆ, ಸುಸ್ತಾಗುವುದು ವಸೂಲಿಗೆ ಅಲೆಯುವ ಗುಮಾಸ್ತನಿಗೆ.

ಡಾಕ್ಟರ ಮುಂದೆ ಮಾತ್ರ ಪದ ತಪ್ಪಬಾರದು. ವಾರಗಟ್ಟಲೆ ಸುಸ್ತು ಅಂದರೆ ರಕ್ತ, ಸಕ್ಕರೆ, ಥೈರಾಯ್ಡ್ ಪರೀಕ್ಷೆಗೆ ಬರೆಯುತ್ತಾರೆ. ಬೇಜಾರು ಅಂದರೆ ಪೆನ್ನು ಕೆಳಗಿಟ್ಟು, ‘ಮನೇಲಿ ಎಲ್ಲ ಸರಿಯಾಗಿದೆಯಾ?’ ಅಂತ ಶುರು ಮಾಡುತ್ತಾರೆ. ಮೂಡಿಗೆರೆಯ ಜುಲೈ ಮಳೆಯಲ್ಲಿ, ಬಟ್ಟೆ ಒಣಗದೆ, ಕರೆಂಟೂ ಇಲ್ಲದೆ ಕಂಬಳಿಯೊಳಗೆ ಕೂತವರದು ಇವೆರಡೂ ಅಲ್ಲದ ಮೂರನೇ ಜಾತಿ, ಅದಕ್ಕೆ ಜಡ ಅನ್ನುತ್ತಾರೆ. ಪರೀಕ್ಷೆ, ಮಾತ್ರೆ ಎರಡೂ ಇಲ್ಲ.

ಗೊಂದಲವಾದರೆ ‘ಪೇಟೆಗೆ ಹೋಗ್ತಿದೀನಿ, ಬರ್ತೀಯಾ?’ ಅಂತ ಕೇಳಿ ನೋಡಿ. ಬೇಜಾರಾದವನು ಮಾತು ಮುಗಿಯುವಷ್ಟರಲ್ಲಿ ಚಪ್ಪಲಿ ಮೆಟ್ಟಿರುತ್ತಾನೆ. ಸುಸ್ತಾದವನು ಮಲಗಿದಲ್ಲಿಂದಲೇ, ‘ಬರ್ತಾ ನಾಕು ಬೋಂಡ ಕಟ್ಟಿಸ್ಕೊಂಡ್ ಬಾ’ ಅನ್ನುತ್ತಾನೆ.