ಹುಡುಗಿಯರ ಬೇಡಿಕೆಗಳು ಹೆಚ್ಚಾದವಂತೆ!

ಮೊನ್ನೆ ನಮ್ಮ ಮಾಧ್ವ ಬ್ರಾಹ್ಮಣರದೇ ಒಂದು ಮದುವೆ. ಧಾರೆ ಮುಗಿದಿತ್ತು, ಹೆಂಗಸರು ಲಕ್ಷ್ಮೀಶೋಭಾನೆ ಎತ್ತಿಕೊಂಡಿದ್ದರು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಹಣೆಯ ಮೇಲೆ ಅಂಗಾರ ಅಕ್ಷತೆ ಅಚ್ಚುಕಟ್ಟಾಗಿ ಇಟ್ಟುಕೊಂಡವರು, ಹಾಡಿಗೆ ತಲೆದೂಗುತ್ತಲೇ ನನಗೆ ಹೇಳಿದರು: "ಈಗಿನ ಹುಡುಗಿಯರ ಬೇಡಿಕೆಗಳು ವಿಪರೀತ ನೋಡಮ್ಮ. ಬಂದ ಗಂಡಿನಲ್ಲೆಲ್ಲ ಒಂದೊಂದು ಕೊಂಕು."

ಸ್ವಾಮೀ, ಆ ಹೆಂಗಸರು ಹಾಡುತ್ತಿದ್ದುದಾದರೂ ಏನನ್ನು? ಸಮುದ್ರ ಕಡೆದಾಗ ಹುಟ್ಟಿ ಬಂದ ಲಕ್ಷ್ಮಿ ಮಾಲೆ ಹಿಡಿದು ನಿಂತು ಗಂಡುಗಳ ಸಾಲನ್ನೇ ತೂಗಿ ನೋಡುತ್ತಾಳೆ. ತಪಸ್ಸು ಮಾಡಿದ್ದಾರೆ, ಆದರೆ ಸಿಟ್ಟು ಬಂದರೆ ಶಾಪ ಕೊಡುತ್ತಾರೆ, ಬೇಡ. ಶಾಸ್ತ್ರವೆಲ್ಲ ಓದಿದ್ದಾರೆ, ಆದರೆ ದುಡ್ಡಿಗೆ ಮರುಳು, ಬೇಡ. ಇವನು ಹೆಣ್ಣಿನ ಹಿಂದೆ ಹೋದವನು, ಬೇಡವೇ ಬೇಡ. ಒಬ್ಬೊಬ್ಬರನ್ನೇ ಬದಿಗೆ ಸರಿಸಿ ಕೊನೆಗೆ ಹರಿಯ ಕೊರಳಿಗೆ ಮಾಲೆ. ಇದನ್ನು ಬರೆದವರು ಯಾವುದೋ ಸ್ತ್ರೀವಾದಿಯಲ್ಲ, 16ನೇ ಶತಮಾನದ ಯತಿಗಳು, ಸೋದೆಯ ವಾದಿರಾಜರು. ಮದುವೆ ನಿಧಾನವಾದ ಹುಡುಗಿಗೆ "ದಿನಾ ಶೋಭಾನೆ ಹೇಳಿಕೊಳ್ಳಮ್ಮ" ಎಂದು ಬುದ್ಧಿ ಹೇಳುವವರೂ ಇದೇ ಹಿರಿಯರು. ಹೇಳಿಕೊಂಡಳು, ಅರ್ಥವೂ ಆಯಿತು. ಈಗ ಅಳುವುದೇಕೆ?

ಅಂದು ನಾನು ತಿರುಗಿ ಮಾತನಾಡಲಿಲ್ಲ. ಸೌಜನ್ಯದಿಂದಲ್ಲ, ಊಟಕ್ಕೆ ಎಲೆ ಹಾಕಿದ್ದರು.

ನನ್ನನ್ನು ನೋಡಲು ಬಂದವರೂ ಒಂದು ಹಾಡು ಹೇಳು ಎಂದಿದ್ದರು. ಅಮ್ಮ ಕಣ್ಸನ್ನೆ ಮಾಡಿದಳು, ನಾನು ತಲೆ ತಗ್ಗಿಸಿ ಇದೇ ಶೋಭಾನೆಯ ನಾಲ್ಕು ನುಡಿ ಹೇಳಿದೆ. ಚಾಪೆಯ ಮೇಲೆ ಕುಳಿತು ಗಂಡಸರಲ್ಲಿ ದೋಷ ಎಣಿಸುವ ಹಾಡು ಹಾಡುತ್ತಿದ್ದವಳು ನಾನು. ಎದುರಿಗೆ ಕುರ್ಚಿಯಲ್ಲಿ ಕುಳಿತು ನನ್ನ ಬಣ್ಣ, ಎತ್ತರ ಅಳೆಯುತ್ತಿದ್ದವರು ಅವರು. ಯಾರಿಗೂ ನಗು ಬರಲಿಲ್ಲ. ನನಗೆ ಈಗ ಬರುತ್ತದೆ, ಸ್ವಲ್ಪ ಕಹಿಯಾಗಿ.

"ಆಕೆ ಜಗನ್ಮಾತೆ, ಮನುಷ್ಯರಿಗೆ ಹೋಲಿಸಬಾರದು" ಎನ್ನುತ್ತೀರಿ, ಗೊತ್ತು. ಸೊಸೆ ಸೇರು ಒದ್ದು ಒಳಗೆ ಬರುವಾಗ "ಸಾಕ್ಷಾತ್ ಮಹಾಲಕ್ಷ್ಮಿ" ಎಂದವರು ಯಾರು? ದ್ವಾದಶಿಯ ದಿನ ಬೆಳಕು ಹರಿಯುವ ಮೊದಲು ತಲೆಗೆ ನೀರೆರೆದುಕೊಂಡು, ಮಡಿಯುಟ್ಟು, ಏಕಾದಶಿ ಉಪವಾಸ ಮುಗಿಸುವ ಪಾರಣೆಗೆ ಅಗಸೆ ಸೊಪ್ಪು ಬಿಡಿಸುತ್ತಾ ಕೂರುವಾಗ ಅವಳು ಲಕ್ಷ್ಮಿ. ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆರೆದು ಸಂಬಳ ತರುವಾಗಲೂ ಲಕ್ಷ್ಮಿಯೇ. ಗಂಡನ್ನು ಆರಿಸುವಾಗ ಮಾತ್ರ ಹುಲುಮಾನವಳು.

ಊರಲ್ಲಿ ಪೂಜೆ ಮಾಡಿಕೊಂಡಿರುವ ಹುಡುಗರ ಸಂಕಟ ನಿಜ. ನನ್ನ ಸೋದರಳಿಯನೊಬ್ಬನಿಗೆ 38 ದಾಟಿತು, ವೇದ ಓದಿದವನು, ಹೆಣ್ಣು ಸಿಕ್ಕಿಲ್ಲ. ಅದಕ್ಕೂ ಪರಿಹಾರ ಹುಡುಕಿದ್ದು ಹೇಗೆ? 2021ರಲ್ಲಿ ನಮ್ಮ ರಾಜ್ಯದ ಬ್ರಾಹ್ಮಣ ಅಭಿವೃದ್ಧಿ ಮಂಡಳಿ, ಬಡ ಅರ್ಚಕ-ಪುರೋಹಿತರ ಕೈಹಿಡಿಯುವ 25 ಹುಡುಗಿಯರಿಗೆ ತಲಾ 3 ಲಕ್ಷ ರೂಪಾಯಿಯ ಬಾಂಡ್ ಕೊಡುವುದಾಗಿ ಹೇಳಿತು. ಯೋಜನೆಯ ಹೆಸರು ಮೈತ್ರೇಯಿ! ಉಪನಿಷತ್ತಿನಲ್ಲಿ ಗಂಡ ಯಾಜ್ಞವಲ್ಕ್ಯರು ಆಸ್ತಿ ಹಂಚಲು ಬಂದಾಗ "ಇದರಿಂದ ನನಗೆ ಅಮೃತತ್ವ ಸಿಗುತ್ತದೆಯೇ" ಎಂದು ಕೇಳಿ ಬೇಡವೆಂದವಳು ಆಕೆ. ಉಪನಿಷತ್ತನ್ನೂ ಓದಲಿಲ್ಲವೇ ನೀವು?

ಹುಡುಗಿಯರು ಕೇಳುತ್ತಿರುವುದು ಬಾಂಡ್ ಅಲ್ಲ. ನನ್ನ ಮಗಳು ಬಂದ ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ: ಅಡುಗೆ ಬರುತ್ತದೆಯೇ? ಅವನ ತಾಯಿ ಹೌಹಾರಿದರು. "ನಮ್ಮಲ್ಲಿ ಗಂಡಸರು ಒಲೆಯ ಹತ್ತಿರ ಹೋಗುವ ಪದ್ಧತಿಯಿಲ್ಲ." ಉಡುಪಿಯ ಕೃಷ್ಣಮಠದಲ್ಲಿ ಸಾವಿರಾರು ಜನರಿಗೆ ಹುಳಿ, ಸಾರು ಬೇಯಿಸುವವರು ಯಾರಮ್ಮ? ಮದುವೆಮನೆಯ ಕೊಪ್ಪರಿಗೆಯ ಮುಂದೆ ಸೊಂಟಕ್ಕೆ ಪಂಚೆ ಬಿಗಿದು ನಿಂತವರು? ನಮ್ಮ ಗಂಡಸರಿಗೆ ಅಡುಗೆ ಬರುತ್ತದೆ. ಮನೆಯ ಹೊಸ್ತಿಲು ದಾಟಿ ಒಳಗೆ ಬಂದಕೂಡಲೇ ಮರೆತುಹೋಗುತ್ತದೆ, ಅಷ್ಟೇ.

ಇದನ್ನು ಓದಿ ಮಗಳ ಜಾತಕ ಕೇಳಲು ಇನ್‌ಬಾಕ್ಸಿಗೆ ಬರುವವರು ದಯವಿಟ್ಟು ಗೋತ್ರ, ನಕ್ಷತ್ರದ ಜೊತೆಗೆ ಹುಡುಗನ ಸಾರಿನ ಪುಡಿಯ ಅಳತೆಯನ್ನೂ ಬರೆದು ಕಳುಹಿಸಿ. ಅಮ್ಮನನ್ನು ಕೇಳಿ ಬರೆದದ್ದು ನಡೆಯುವುದಿಲ್ಲ.