ಹೆಗಲು ಮುಟ್ಟಿ ನೋಡಿಕೊಳ್ಳುವವರು

ಅಮೆರಿಕದ ಎಡ್ಗರ್ ಅಲನ್ ಪೋ ಬರೆದ ‘ದಿ ಟೆಲ್-ಟೇಲ್ ಹಾರ್ಟ್’ ಕತೆಯ ಮೊದಲ ಸಾಲಲ್ಲೇ ಒಬ್ಬ ನಮ್ಮ ಮೇಲೆ ಜಗಳಕ್ಕೆ ಬರುತ್ತಾನೆ. ನನಗೆ ತಳಮಳ ಇತ್ತು, ಈಗಲೂ ಇದೆ, ಆದರೆ ಹುಚ್ಚು ಅಂತ ಯಾಕೆ ಹೇಳ್ತೀರಿ ಅಂತ ಕೇಳುತ್ತಾನೆ. ನಾವು ಆಗಷ್ಟೇ ಪುಟ ತೆರೆದಿದ್ದೇವೆ. ಅವನಿಗೆ ಹುಚ್ಚು ಅಂತ ಯಾರೂ ಹೇಳಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇವನು ಅದಕ್ಕೂ ಮುಂದೆ. ಕುಂಬಳಕಾಯಿಯ ಸುದ್ದಿಯನ್ನೇ ಯಾರೂ ಎತ್ತಿಲ್ಲ, ಇವನು ಆಗಲೇ ಹೆಗಲು ಒರೆಸಿಕೊಳ್ಳುತ್ತಾ ನಿಂತಿದ್ದಾನೆ.

ಇಂಥ ಭಯದ ಕತೆಗಳ ಮಾತು ಬಂದಾಗಲೆಲ್ಲ ‘ಕತೆ ಹೇಳುವವನನ್ನು ನಂಬೋ ಹಾಗಿಲ್ಲ’ ಅಂತ ಒಂದು ಮಾತು ಹೇಳಿ ಮುಗಿಸಿಬಿಡುತ್ತೇವೆ. ಅವನು ಹುಚ್ಚ, ನಾವು ಸರಿ ಇದ್ದೀವಿ, ಅಷ್ಟೇ. ನನಗೆ ಇದು ಸಾಕಾಗಲ್ಲ. ಯಾರೂ ಕೇಳದ ಯಾವ ಪ್ರಶ್ನೆಗೆ ಈ ಮನುಷ್ಯ ಉತ್ತರ ಕೊಡ್ತಿದ್ದಾನೆ ಅಂತ ನೋಡಬೇಕು. ಅವನ ಮನಸ್ಸನ್ನು ಕೊರೆಯುತ್ತಿರುವ ಪಾಪ ಸಿಗೋದು ಅಲ್ಲೇ.

ಆ ಕತೆಯನ್ನೇ ಹತ್ತಿರದಿಂದ ನೋಡಿ. ತಾನು ಕೊಂದ ಮುದುಕನ ಮೇಲೆ ಇವನಿಗೆ ಸಿಟ್ಟಿಲ್ಲ. ಅವನ ದುಡ್ಡಿನ ಮೇಲೆ ಕಣ್ಣಿಲ್ಲ. ಪೊರೆ ಕಟ್ಟಿದ, ಹದ್ದಿನ ಕಣ್ಣಿನಂಥ ಒಂದು ನೀಲಿ ಕಣ್ಣನ್ನು ಸಹಿಸೋಕೆ ಆಗಲ್ಲ, ಅಷ್ಟೇ. ಏಳು ರಾತ್ರಿ ಬಾಗಿಲು ಸರಿಸಿ ತಲೆ ಒಳಗೆ ಹಾಕುತ್ತಾನೆ. ಎಂಟನೇ ರಾತ್ರಿ ಮುದುಕನಿಗೆ ಎಚ್ಚರವಾಗುತ್ತದೆ. ಕತ್ತಲಲ್ಲಿ ಎದ್ದು ಕೂತು ಒಂದು ಸಲ ನರಳುತ್ತಾನೆ. ಆಗ ಕೊಲೆಗಾರ ಹೇಳುವ ಮಾತು ನೋಡಿ: ಈ ಸದ್ದು ನನಗೆ ಚೆನ್ನಾಗಿ ಗೊತ್ತು, ಎಷ್ಟೋ ನಡುರಾತ್ರಿಗಳಲ್ಲಿ ನನ್ನ ಎದೆಯಿಂದಲೇ ಇದು ಎದ್ದು ಬಂದಿದೆ. ಅಂದರೆ ಮುದುಕನ ಭಯವೂ ಇವನದೂ ಒಂದೇ. ತನ್ನದೇ ಸಂಕಟವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿಸಿಕೊಂಡೂ ಇವನು ಕೊಲ್ಲುತ್ತಾನೆ. ಹುಚ್ಚ ಅಂತ ಒಂದೇ ಪದದಲ್ಲಿ ತಳ್ಳಿಹಾಕಿದರೆ ಈ ಸಾಲು ಕೈತಪ್ಪಿ ಹೋಗುತ್ತೆ.

ಕೊಲೆಗೆ ಮೊದಲು ಅವನಿಗೆ ಒಂದು ಸದ್ದು ಕೇಳಿಸುತ್ತದೆ, ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದ ಸದ್ದಿನ ಹಾಗೆ. ಮುದುಕನ ಎದೆಬಡಿತ ಅದು ಅಂತಾನೆ. ಆಮೇಲೆ ಹೆಣವನ್ನು ನೆಲದ ಹಲಗೆಗಳ ಕೆಳಗೆ ಬಚ್ಚಿಡುತ್ತಾನೆ. ಪೊಲೀಸರು ಬಂದಾಗ ತನ್ನ ಕುರ್ಚಿಯನ್ನು ಸರಿಯಾಗಿ ಅದರ ಮೇಲೇ ಹಾಕಿಕೊಂಡು ಕೂರುತ್ತಾನೆ. ಆಗ ಮತ್ತೆ ಸದ್ದು, ಹತ್ತಿಯಲ್ಲಿ ಸುತ್ತಿದ ಅದೇ ಗಡಿಯಾರ. ಪೋ ಹೋಲಿಕೆಯನ್ನು ಬದಲಾಯಿಸೋದೇ ಇಲ್ಲ. ಎರಡೂ ಸಲ ಕೇಳಿಸಿದ್ದು ಇವನ ಎದೆಯೇ ಅಂತ ನನಗನ್ನಿಸುತ್ತೆ. ಗೋಡೆಯೊಳಗಿನ ಹುಳುವಿನ ಸದ್ದು ಅಂತ ಓದುವವರೂ ಇದ್ದಾರೆ. ಕತೆಯಲ್ಲಿ ಆ ಹುಳುವಿನ ಮಾತು ಬರೋದೂ ನಿಜ.

ಈ ಕತೆ ಅಚ್ಚಾಗಿದ್ದು 1843ರ ಜನವರಿಯಲ್ಲಿ. ಅದೇ ತಿಂಗಳು ಲಂಡನ್ನಿನಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿಯ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹೊಡೆದ. ಬುದ್ಧಿ ಸರಿಯಿಲ್ಲ ಅಂತ ಕೋರ್ಟು ಅವನನ್ನು ಶಿಕ್ಷೆಯಿಂದ ಬಿಟ್ಟಿತು. ಜನ ರೇಗಿದರು. ಕೊನೆಗೆ ನ್ಯಾಯಾಧೀಶರು ಒಂದು ಅಳತೆಗೋಲು ಕೊಟ್ಟರು: ತಾನು ಏನು ಮಾಡ್ತಿದ್ದೀನಿ, ಅದು ತಪ್ಪು ಅನ್ನೋದು ಅವನಿಗೆ ಗೊತ್ತಿತ್ತೋ ಇಲ್ಲವೋ? ನಮ್ಮ 1860ರ ದಂಡ ಸಂಹಿತೆಯ 84ನೇ ಕಲಮು ಇದರ ಮೇಲೇ ನಿಂತಿತ್ತು. ಈಗ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು. ಪೋ ಕತೆಯ ಮನುಷ್ಯನನ್ನು ಈ ಅಳತೆಗೋಲಿನ ಮುಂದೆ ನಿಲ್ಲಿಸಿ ನೋಡಿ. ನಾನೆಷ್ಟು ಜಾಣತನದಿಂದ ಮಾಡಿದೆ, ರಕ್ತದ ಒಂದು ಕಲೆಯೂ ಉಳಿಯಲಿಲ್ಲ, ಹುಚ್ಚರಿಗೆ ಇದೆಲ್ಲ ಆಗುತ್ತಾ ಅಂತ ವಾದ ಮಾಡುತ್ತಾನೆ. ತಲೆ ಸರಿ ಇದೆ ಅಂತ ತೋರಿಸೋಕೆ ಅವನು ಕೊಡುವ ಒಂದೊಂದು ಸಾಕ್ಷಿಯೂ ಅವನನ್ನು ಗಲ್ಲಿನ ಹತ್ತಿರ ತಳ್ಳುತ್ತದೆ.

ಪೋ ಬರೆದ ‘ದಿ ಬ್ಲ್ಯಾಕ್ ಕ್ಯಾಟ್’ನಲ್ಲೂ ಇದೇ. ಪೊಲೀಸರು ಹುಡುಕಿ ಸೋತು ಹೊರಟಿದ್ದಾರೆ. ಇವನೇ ಅವರನ್ನು ತಡೆದು, ಗೋಡೆ ಎಷ್ಟು ಗಟ್ಟಿ ನೋಡಿ ಅಂತ ಕೋಲಿನಿಂದ ಕುಟ್ಟುತ್ತಾನೆ. ಹೆಂಡತಿಯ ಹೆಣ ಇರೋದು ಆ ಗೋಡೆಯಲ್ಲೇ. ಇನ್ನು 1846ರ ‘ದಿ ಕಾಸ್ಕ್ ಆಫ್ ಅಮೊಂಟಿಲಾಡೋ’. ಗೆಳೆಯನನ್ನು ಜೀವಂತ ಗೋಡೆಯೊಳಗೆ ಸೇರಿಸಿದವನು ಐವತ್ತು ವರ್ಷದ ಮೇಲೆ ಹೆಮ್ಮೆಯಿಂದ ಕತೆ ಹೇಳುತ್ತಿದ್ದಾನೆ. ಒಂದು ಕಡೆ ಮಾತ್ರ, ನನ್ನ ಎದೆ ಹಿಂಡಿದಂತಾಯಿತು, ನೆಲಮಾಳಿಗೆಯ ಥಂಡಿಗೆ ಅಂತಾನೆ. ಥಂಡಿಗೆ! ಕಾರಣ ಯಾರಪ್ಪ ಕೇಳಿದ್ದು? ಐವತ್ತು ವರ್ಷ ಅವನನ್ನು ಮಲಗಲು ಬಿಡದ ಮಾತು ಆ ಒಂದು ನೆಪದಲ್ಲಿದೆ.

ಈ ಸಾಲಿಗೇ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಅವರ ‘ದಿ ಯೆಲ್ಲೋ ವಾಲ್‌ಪೇಪರ್’ ಕತೆಯ ಹೆಂಗಸನ್ನೂ ಸೇರಿಸಿ, ಇವಳನ್ನೂ ನಂಬೋ ಹಾಗಿಲ್ಲ ಅಂತ ಹೇಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತೆ. ಅವಳೇನು ಮಾಡಿದ್ದಾಳೆ? ಹೆತ್ತಿದ್ದಾಳೆ. ಮನಸ್ಸು ಕುಗ್ಗಿದೆ. ಗಂಡನೇ ಡಾಕ್ಟರು. ಬರೀಬೇಡ, ಯೋಚನೆ ಮಾಡಬೇಡ, ಮಲಗು ಅಂತ ಕಿಟಕಿಗೆ ಸರಳಿರುವ, ಮಂಚವನ್ನು ನೆಲಕ್ಕೆ ಮೊಳೆ ಹೊಡೆದಿರುವ ಕೋಣೆಯಲ್ಲಿ ಇಟ್ಟಿದ್ದಾನೆ. ಕೊನೆಗೆ ಗೋಡೆಯ ಹಳದಿ ಕಾಗದದ ಹಿಂದೆ ಅವಳಿಗೆ ತೆವಳುವ ಹೆಂಗಸು ಕಾಣುತ್ತಾಳೆ. ಗಿಲ್ಮನ್ ಸುಮ್ನೆ ಕಟ್ಟಿದ ಕತೆಯಲ್ಲ ಇದು. 1887ರಲ್ಲಿ ವಿಯರ್ ಮಿಚೆಲ್ ಎಂಬ ದೊಡ್ಡ ಡಾಕ್ಟರು ಅವರಿಗೂ ಇದೇ ಚಿಕಿತ್ಸೆ ಕೊಟ್ಟಿದ್ದರು. ಬದುಕಿರುವ ತನಕ ಪೆನ್ನು ಮುಟ್ಟಬೇಡ ಅಂದಿದ್ದರು. ಮೂರು ತಿಂಗಳಲ್ಲಿ ಗಿಲ್ಮನ್ ಬುದ್ಧಿ ಕಳೆದುಕೊಳ್ಳುವ ಅಂಚಿಗೆ ಬಂದರು. ಆಮೇಲೆ ಪೆನ್ನು ಹಿಡಿದರು. 1892ರಲ್ಲಿ ಕತೆ ಬಂತು, ಅದರ ಒಂದು ಪ್ರತಿ ಆ ಡಾಕ್ಟರಿಗೂ ಹೋಯಿತು.

ಕತೆಯಲ್ಲಿ ಅವಳು ಕಾಣುವುದು ನಿಜವಲ್ಲ, ಒಪ್ಪಿದೆ. ಆದರೆ ನನ್ನನ್ನು ಕೂಡಿಹಾಕಿದ್ದಾರೆ ಅನ್ನೋದು ನಿಜ ಅಲ್ವಾ? ನಿನಗೇನೂ ಆಗಿಲ್ಲ, ಹುಷಾರಾಗ್ತಿದ್ದೀಯ ಅಂತ ಸುಳ್ಳು ಹೇಳ್ತಿರೋದು ಗಂಡ. ನಂಬೋ ಹಾಗಿಲ್ಲದವನು ಅವನು. ಪೋ ಕತೆಯವರು ಕೊಂದು ಎದೆಯುಬ್ಬಿಸುತ್ತಾರೆ. ಇವಳು ಏನೂ ಮಾಡದೆ, ಗಂಡನಿಗೆ ನೆರವಾಗಬೇಕಿದ್ದ ನಾನು ಹೊರೆಯಾದೆನಲ್ಲ ಅಂತ ಕೊರಗುತ್ತಾಳೆ.

ಬಾಣಂತಿ ಸನ್ನಿ ಅನ್ನೋ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ನನ್ನ ಅಕ್ಕನಿಗೆ ಎರಡನೇ ಹೆರಿಗೆ ಆದಮೇಲೆ ಎರಡು ತಿಂಗಳು ನಿದ್ದೆ ಇಲ್ಲ, ಮಾತಿಲ್ಲ. ತೋರಿಸಿದ ಡಾಕ್ಟರು, ಏನೂ ಯೋಚನೆ ಮಾಡಬೇಡಿ, ರೆಸ್ಟ್ ತಗೊಳ್ಳಿ ಅಂದರು. ನಾವೂ ಕೋಣೆ ಕತ್ತಲು ಮಾಡಿ, ಮಗುವನ್ನು ಹೊರಗೆ ಎತ್ತಿಕೊಂಡು ಬಂದು, ಬಾಗಿಲು ಮುಂದಕ್ಕೆ ಎಳೆದುಕೊಂಡೆವು. ಅಮ್ಮನಿಗೆ ಕೇಳದ ಹಾಗೆ ಅಕ್ಕ ಒಂದು ಸಲ ನನ್ನ ಹತ್ತಿರ ‘ಬಾಗಿಲು ತೆಗೆದಿಡೋ’ ಅಂದಿದ್ದಳು. ನಾನು ‘ಮಲ್ಕೋ ಅಕ್ಕ’ ಅಂದೆ.

ಹೋದ ವರ್ಷ ಈ ಕತೆಯನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಸರಳು, ಮಂಚ, ಕಾಗದದ ಹಿಂದಿನ ಹೆಂಗಸು, ಎಲ್ಲ. ಬೀನ್ಸ್ ನಾರು ತೆಗೀತಾ ಕೇಳಿಸಿಕೊಂಡಳು. ಮುಗಿದಮೇಲೆ ಒಂದೇ ಮಾತು ಕೇಳಿದಳು.

‘ಮಗೂನ ಯಾರು ನೋಡ್ಕೋತಿದ್ರು?’

‘ಮೇರಿ ಅಂತ ಒಬ್ಬಳು ಇರ್ತಾಳೆ. ಚೆನ್ನಾಗೇ ನೋಡ್ಕೋತಾಳೆ.’

‘ಸದ್ಯ’ ಅಂದಳು ಅಕ್ಕ.